ಮೂರನೆಯ ಗೆರೆ

ಕೆಂಪಗೆ ಏನೋ ಮಿಣುಕಿತು, ಹತ್ತಿತು ಹತ್ತಿತು ಎಂದು ಜುಂಜಪ್ಪನ ಎದೆ ಜಿಗಿದುಬಿಟ್ಟಿತು, ನೋಡಿದರೆ ಬಸ್ಸಿನ ಮುಂದೆ ಕುಂಟುತ್ತ ಹೋಗುತ್ತಿದ್ದ ಟ್ರ್ಯಾಕ್ಟರಿನ ಹಿಂದಿನ ಕೆಂಪು ಗಾಜು, ಬಿಸಿಲು ಬಿದ್ದು ಹೊಳೆದದ್ದು, ಅಷ್ಟೇ, ದೀಪವಲ್ಲ, ದೀಪ ಆರಿದೆ, ಆರಿದ್ದನ್ನು ಬೆಳಿಗ್ಗೆಯೇ ಇವೇ ಕಣ್ಣು ನೋಡಿವೆ, ಆದರೂ ರಾಯದುರ್ಗ ಬಿಟ್ಟಾಗಿನಿಂದ ಈ ಹಾಳು ಕಣ್ಣು ಕಂಡ ಕೆಂಪಿಗೆಲ್ಲ ಹಾತೊರೆಯುತ್ತಿವೆ, ಬಸ್ಸಿನ ಮೂತಿಗೆ ಹಬ್ಬಕ್ಕೆಂದು ಕಟ್ಟಿದ ಹಾರದ ರಿಬ್ಬನ್ನಿಗೆ, ಮುಂದಿನ ಸೀಟಿನ ಹೆಂಗಸಿನ ರವಿಕೆಗೆ, ಯಾರದೋ ಹಣೆಯ ಕುಂಕುಮಕ್ಕೆ — ಕುಂಕುಮ ಬೇಡ, ಕುಂಕುಮದ ಕಡೆ ನೋಡಬಾರದು — ಮೊಣಕಾಲುಗಳ ನಡುವೆ ಖಾಲಿ ಡಬ್ಬ, ಬಿಳಿ ಪ್ಲಾಸ್ಟಿಕ್ಕಿನದು, ಗುಂಡಿಗೊಮ್ಮೆ ಡಬ್ ಎನ್ನುತ್ತದೆ, ಏಮಯ್ಯಾ, ಆ ಡಬ್ಬಾ ಕಾಳ್ಳ ಕಿಂದ ಪೆಟ್ಟುಕೋ, ದಾರಿಕಿ ಅಡ್ಡಂ, ಎಂದು ಕಂಡಕ್ಟರ್ ತೆಲುಗಿನಲ್ಲಿ ಬೈದು ಹೋದ, ಕಾಲ ಕೆಳಗೆ ಇಡುವುದಿಲ್ಲ, ಏನು ಮಾಡುತ್ತೀಯೋ ಮಾಡು, ಎಂದು ಜುಂಜಪ್ಪ ಹಲ್ಲು ಕಚ್ಚಿ ಡಬ್ಬವನ್ನು ತೊಡೆಯ ಮೇಲೆ ಎತ್ತಿಕೊಂಡ, ಪಕ್ಕದ ಮುದುಕಿ ಇಣುಕಿದಳು, ಹೆಸರಿಗಷ್ಟೇ ಮೂಕಮ್ಮ, ಹತ್ತಿದಾಗಿನಿಂದ ಬಾಯಿ ಮುಚ್ಚಿಲ್ಲ, ಹಾಲು ತರಾಕ ಹೊಂಟಿಯೇನೋ ತಮ್ಮಾ, ಅಂದಳು, ಇಲ್ಲಬೇ, ಗಲೀಜು ತರಾಕ, ಅಂದ, ಮುದುಕಿ ಸೆರಗನ್ನು ಬಾಯಿಗಿಟ್ಟು ನಕ್ಕಳು, ಅಯ್ಯ ನಿನ್ನ, ರಾಯದುರ್ಗದಾಗ ಗಲೀಜಿಗೆ ಬರ ಬಂದೈತೇನು, ಹಬ್ಬದ ದಿನ ಮಡಕಶಿರದ ತನಕ ಹೊಂಟೀಯಲ್ಲ, ನಮ್ಮ ಓಣಿ ಗಟಾರಕ್ಕ ಬಾ, ಬೇಕಾದಷ್ಟು ತುಂಬಿ ಕೊಡತೀನಿ. ಬೇರೆ ದಿನವಾಗಿದ್ದರೆ ಅವನೂ ನಗುತ್ತಿದ್ದ. ಇವತ್ತು ಬಾಯಿ ತೆರೆದರೆ ಏನು ಹೊರಗೆ ಬರುತ್ತದೋ ಗೊತ್ತಿಲ್ಲ, ಬೆಳಿಗ್ಗೆ ತೆರೆದಾಗ ಬಂದದ್ದೇ ಸಾಕು, ಆ ಒಂದು ಮಾತು — ಅದೂ ಬೇಡ, ಆ ಮಾತಿನ ಕಡೆಗೂ ನೋಡಬಾರದು.

ಬೆಳಿಗ್ಗೆ ತಗಡಿನ ಬಾಗಿಲು ತೆರೆದಾಗ ಮೊದಲು ಗೊತ್ತಾದದ್ದು ವಾಸನೆ, ಅಂದರೆ ವಾಸನೆ ಇಲ್ಲದ್ದು, ದಿನಾ ಮೂಗಿಗೆ ಗುದ್ದುತ್ತಿದ್ದ ಆ ಕೊಳೆತ ಮೊಟ್ಟೆಯ ವಾಸನೆ ಇಲ್ಲ, ಬದಲಿಗೆ ಊದುಬತ್ತಿ, ಮತ್ತೆ ಅದರ ಕೆಳಗೆ ತೆಳ್ಳಗೆ, ಕಣ್ಣು ಚುರುಗುಟ್ಟಿಸುವ ಬ್ಲೀಚಿಂಗ್ ಪೌಡರು, ಮಾಲೀಕ ವಾಗೀಶಪ್ಪನ ಜೀನ್ಸ್ ಒಗೆಯುವ ಯೂನಿಟ್ಟಿನಲ್ಲಿ ಅದಕ್ಕೇನು ಬರವಿಲ್ಲ, ಚೀಲಗಟ್ಟಲೆ ಬಿದ್ದಿರುತ್ತದೆ, ಆದರೆ ಹಿತ್ತಲಿನ ಈ ಶೆಡ್ಡಿಗೆ ಒಂದು ಚಿಟಿಕೆಯೂ ಬರಬಾರದು ಅಂತ ಬಾಗಿಲ ಮೇಲೆ ಬರೆಸಿದೆ, ಶೆಡ್ಡಿನಲ್ಲಿ ಪ್ರಯೋಗ ನಡೆಸುವ ವಿದ್ಯಾಶ್ರೀ ಮೇಡಂ ಕೆಂಪು ಬಣ್ಣದಲ್ಲಿ ಬರೆಸಿದ್ದು, ಓದಲು ಬರುವವರಿಗೆ. ಆಮೇಲೆ ಕತ್ತಲಲ್ಲಿ ದೀಪ ಹುಡುಕಿದ, ಕಡಲೆಕಾಳಿನಷ್ಟು ಕೆಂಪು ದೀಪ, ಗೋಡೆಯುದ್ದಕ್ಕೂ ಇಟ್ಟ ಮಣ್ಣಿನ ಮಡಿಕೆಗಳ ಸಾಲು, ಮಡಿಕೆಯಿಂದ ಮಡಿಕೆಗೆ ತಂತಿ, ಕೊನೆಯ ತಂತಿಯ ತುದಿಗೆ ಅದು, ದಿನಾ ಬಾಗಿಲು ತೆರೆದ ಕೂಡಲೇ ಬಂದೆಯಾ ಎಂದು ಕೇಳುವಂತೆ ಉರಿಯುತ್ತಿತ್ತು, ಇಲ್ಲ, ತಂತಿ ಕಿತ್ತಿರಬೇಕು, ಇಲಿ ಕಡಿದಿರಬೇಕು, ಮುಟ್ಟಿ ನೋಡಿದ, ತಂತಿ ನೆಟ್ಟಗಿದೆ, ಯಾರೋ ಒರೆಸಿ ಗಂಟು ಬಿಗಿದಿದ್ದಾರೆ, ಮುಚ್ಚಳ ತೆಗೆದ, ಮೊದಲನೆಯ ಮಡಿಕೆ, ಒಳಗೆ ತಿಳಿನೀರು, ತಳದ ಕೆಂಪು ಮಣ್ಣು ಕಾಣುವಷ್ಟು ತಿಳಿ, ಮೇಲೊಂದು ದಾಸವಾಳ ತೇಲುತ್ತಿದೆ, ಎರಡನೆಯದು, ತಿಳಿನೀರು, ದಾಸವಾಳ, ಮೂರನೆಯದಕ್ಕೆ ಕೈ ಹಾಕಿ ಒಳಗೋಡೆ ಸವರಿದ, ಜಾರಬೇಕು, ಲೋಳೆ ಇರಬೇಕು, ಮೂರು ತಿಂಗಳಿಂದ ಬೆಳೆದ ಕಪ್ಪು ಲೋಳೆ, ಬೆರಳಿಗೆ ಸಿಕ್ಕಿದ್ದು ತರಿತರಿ ಮಣ್ಣು, ತೆಂಗಿನ ನಾರಿನಿಂದ ತಿಕ್ಕಿದ ಮಣ್ಣು. ಮಡಿಕೆಗೆ ಒಳಗೂ ಹೊರಗೂ ಹಾಕಿದ್ದ ಇದ್ದಿಲಿನ ಬಟ್ಟೆ ಬಿಚ್ಚಿ, ಒಗೆದು, ಹಗ್ಗಕ್ಕೆ ಒಣಹಾಕಿದೆ, ಎಳೆಗೂಸಿನ ಬಟ್ಟೆ ಹಾಕಿದಂತೆ, ಅಂಚಿಗೆ ಅಂಚು ಸೇರಿಸಿ. ಪ್ರತಿ ಮಡಿಕೆಯ ಹೊಟ್ಟೆಯ ಮೇಲೂ ವಿಭೂತಿ, ಮೂರು ಗೆರೆ, ನಡುವೆ ಕುಂಕುಮ, ಮೊದಲ ಗೆರೆ ಈ ತುದಿಯಿಂದ ಆ ತುದಿಗೆ, ಎರಡನೆಯದು ಈ ತುದಿಯಿಂದ ಆ ತುದಿಗೆ, ಮೂರನೆಯದು ನಡುವೆ ತುಂಡು, ಸಾಲಿಗೆ ಸಾಲು, ಎಲ್ಲ ಮಡಿಕೆಗೂ ಮೂರನೆಯದು ನಡುವೆ ತುಂಡು — ಕಣ್ಣು ಕಂಡಿತು, ತಲೆಗೆ ಹೇಳಲಿಲ್ಲ, ಹೇಳಿತೋ, ತಲೆ ಕೇಳಲಿಲ್ಲವೋ, ಗಂಟಲಿನಿಂದ ಹೊರಟದ್ದು ಒಂದೇ ಹೆಸರು, ಮ್ಯಾನೇಜರನದು, ರುದ್ರಮುನಿ, ರುದ್ರಮುನಿ, ನಿನ್ನ ಇವತ್ತು ಬಿಡಂಗಿಲ್ಲಲೇ.

ಹುಳ ಸತ್ತವು. ಹುಳ ಅಂತ ಅವನು ಕರೆಯುವುದು, ಮೇಡಂ ಸೂಕ್ಷ್ಮಜೀವಿ ಅನ್ನುತ್ತಾಳೆ, ಶಾಲೆಯಲ್ಲಿ ತೆಲುಗು ಪುಸ್ತಕದಲ್ಲೂ ಹಾಗೇ ಇತ್ತು, ಸೂಕ್ಷ್ಮಜೀವುಲು, ಆ ಪಾಠದ ದಿನವೇ ಅವನ ಶಾಲೆ ಮುಗಿದದ್ದು, ಮೇಷ್ಟ್ರು ಹೇಳಿದ್ದರು, ಹೊಲಸಿದ್ದಲ್ಲಿ ಇವು ಇರ್ತಾವ, ಜುಂಜನ ಅಂಗಿ ಮೂಸಿ ನೋಡ್ರಿ, ಕುರಿದೊಡ್ಡಿಯಿಂದ ಎಷ್ಟು ಕೋಟಿ ಹೊತ್ತು ತಂದಾನ ಲೆಕ್ಕ ಹಾಕ್ರಿ, ಕ್ಲಾಸೆಲ್ಲ ನಕ್ಕಿತು, ಇವನು ಚೀಲ ಎತ್ತಿ ಮೇಷ್ಟ್ರ ಮೇಜಿನ ಮೇಲೆ ಒಗೆದ, ಗುಮ್ಮಘಟ್ಟದ ರಸ್ತೆಗೆ ಬಂದ, ಮತ್ತೆ ಆ ಕಡೆ ತಲೆ ಹಾಕಲಿಲ್ಲ, ಅವತ್ತಿನ ಸಿಟ್ಟು ಇವತ್ತಿನವರೆಗೂ ಒಲೆಯೊಳಗಿನ ಕೆಂಡದ ಹಾಗೆ ಕೂತಿದೆ, ಊದಿದವರಿಗೆಲ್ಲ ಉರಿದು ತೋರಿಸುತ್ತದೆ. ಈ ಮೇಡಂ ಬಂದ ದಿನವೂ ಜಗಳಕ್ಕೇ ನಿಂತಿದ್ದ, ನೋಡ್ರಿ ಇನ್ನೊಬ್ಬರು ಬಂದರು, ಫೋಟೋ ತೆಗೀತಾರ, ಮೂಗು ಮುಚ್ಚಿಕೊಂಡು ಹೋಗತಾರ, ಅಂದ, ಅವಳು ಕಾಲುವೆಯ ಕಪ್ಪು ಕೆಸರಿಗೆ ಮೊಣಕೈವರೆಗೆ ಕೈ ಇಳಿಸಿ, ಎತ್ತಿ, ಮೂಸಿ, ನಮ್ಮಪ್ಪನ ಗುಂಡಿಗಿಂತ ಇದೇ ವಾಸಿ ಕಣಪ್ಪ, ಅಂದಳು, ಮಡಕಶಿರದಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೀತೀವಿ, ಆ ನೀರು ನಿಂತು ನಿಂತು ಹಿತ್ತಲಲ್ಲಿ ಒಂದು ಗುಂಡಿಯಾಗೈತೆ, ಆ ವಾಸನೆ ಕುಡ್ಕೊಂಡೇ ನಾನು ಬೆಳೆದಿದ್ದು, ಇಸ್ಕೂಲಲ್ಲಿ ನನ್ನ ಪಕ್ಕ ಯಾರೂ ಕೂರ್ತಿರ್ಲಿಲ್ಲ ಗೊತ್ತಾ. ಅವತ್ತು ಅವನ ಸಿಟ್ಟು ಮೊದಲ ಸಲ ಏನು ಮಾಡಬೇಕೆಂದು ತಿಳಿಯದೆ ನಿಂತಿತು. ಆ ಗುಂಡಿಯ ಕೊಚ್ಚೆಯನ್ನೇ ಅವಳು ಡಬ್ಬದಲ್ಲಿ ತಂದಳು, ಇದೇ ಡಬ್ಬ, ಅದೇ ಬೀಜ, ಮೊಸರಿಗೆ ಹೆಪ್ಪು ಹಾಕಿದ ಹಾಗೆ ಮಡಿಕೆಗೆ ಒಂದೊಂದು ಸೌಟು, ಮೇಲೆ ಯೂನಿಟ್ಟಿನ ನೀಲಿ ನೀರು, ಆ ಹುಳ ನೀಲಿಯನ್ನೂ ಬಟ್ಟೆಯ ಗಂಜಿಯನ್ನೂ ತಿನ್ನುತ್ತವೆ, ತಿಂದು ಅರಗಿಸುವಾಗ ಒಂಚೂರು ಕರೆಂಟು ಬಿಡುತ್ತವೆ, ಇದ್ದಿಲಿನ ಬಟ್ಟೆ ಅದನ್ನು ಹಿಡಿದು ತಂತಿಗೆ ಕೊಡುತ್ತದೆ, ಹೇಳಿದಾಗ ಅವನು ನಂಬಲಿಲ್ಲ, ವಾಗೀಶಪ್ಪ ನಂಬಲಿಲ್ಲ, ಮ್ಯಾನೇಜರ್ ರುದ್ರಮುನಿಯಂತೂ ಮೀಸೆಯಡಿಯಲ್ಲಿ ನಕ್ಕ, ಗಟಾರದಾಗ ಕರೆಂಟು ಹುಟ್ಟತೈತಂದ್ರ ನಮ್ಮ ಊರಿಗೆ ಕರೆಂಟೇ ಹೋಗಬಾರದಿತ್ತಲ್ಲ ಮೇಡಮ್ಮೋರ, ಅಂದ. ಒಂದು ಮಧ್ಯಾಹ್ನ ಹತ್ತಿತು. ಕಡಲೆಕಾಳಿನಷ್ಟು. ಮೊದಲು ಕಂಡದ್ದು ಜುಂಜಪ್ಪನಿಗೇ. ಕೊನೆಯ ಮಡಿಕೆಯಿಂದ ತೊಟ್ಟಿಕ್ಕುವ ನೀರು ನೀಲಿ ಹೋಗಿ ಚಹಾದಂತೆ, ಆಮೇಲೆ ಎಳನೀರಿನಂತೆ. ಇನ್ನು ಸೋಮವಾರ ಬರುತ್ತಾರೆ, ಹಣ ಕೊಡುವ ಸಂಸ್ಥೆಯವರು, ಜೊತೆಗೆ ಸರ್ಕಾರಿ ಕಚೇರಿಯವರು, ದೀಪ ಉರಿಯುತ್ತಿದ್ದರೆ, ನೀರು ತಿಳಿಯಾಗಿದ್ದರೆ, ರಾಯದುರ್ಗದ ಒಗೆಯುವ ಯೂನಿಟ್ಟುಗಳಿಗೆಲ್ಲ ಸೇರಿಸಿ ಒಂದು ದೊಡ್ಡ ತೊಟ್ಟಿ, ನೀಲಿ ನೀರು ಹಳ್ಳಕ್ಕೆ ಇಳಿಯುವುದು ನಿಲ್ಲುತ್ತದೆ, ಉರಿಯದಿದ್ದರೆ ಶೆಡ್ಡು ಖಾಲಿ ಮಾಡಿಸ್ತೀನಿ, ಪ್ಯಾಂಟು ಒಣಹಾಕಾಕ ಜಾಗ ಸಾಲವಲ್ದು, ಅಂತ ವಾಗೀಶಪ್ಪ ಮೊದಲೇ ಹೇಳಿಯಾಗಿದೆ. ದೀಪ ಉರಿಯುವುದಿಲ್ಲ. ಬಸ್ಸು ಜೋಲಿ ಹೊಡೆಯಿತು, ಡಬ್ಬ ಡಬ್ ಎಂದಿತು, ಖಾಲಿ.

ಹಳ್ಳ. ಊರ ಪಕ್ಕದ ಹಳ್ಳ, ಅವ್ವ ಕುರಿ ಇಳಿಸುವ ಜಾಗ, ಬೆಳ್ಳನೆಯ ಕುರಿಗಳು ಮೊಣಕಾಲವರೆಗೆ ನೀಲಿ, ಕಾಲುಚೀಲ ತೊಟ್ಟಂತೆ, ಮೊದಲ ಸಲ ನೋಡಿ ಊರೆಲ್ಲ ನಕ್ಕಿತ್ತು, ಮೈಲಾರಮ್ಮನ ಕುರಿ ಜೀನ್ಸ್ ಹಾಕ್ಯಾವ ನೋಡ್ರಲೇ, ಅಂತ, ಆಮೇಲೆ ಆ ವರ್ಷದ ಮರಿಗಳು ಒಂದೊಂದಾಗಿ ಹೊಟ್ಟೆಯುಬ್ಬಿ ಬಿದ್ದಾಗ ಯಾರೂ ನಗಲಿಲ್ಲ, ಅವ್ವ ಮರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನ ತುದಿಯಿಂದ ಅದರ ಮೂತಿ ಒರೆಸುತ್ತಿದ್ದಳು, ಒರೆಸಿದಷ್ಟೂ ಸೆರಗು ನೀಲಿ, ಮರಿ ತಣ್ಣಗಾದ ಮೇಲೂ ಒರೆಸುತ್ತಿದ್ದಳು, ಸಾಕು ಬಿಡಬೇ, ಅಂದರೆ, ಮುಖ ತೊಳೀದ ಹಂಗ ಕಳಿಸಬಾರದಪ್ಪ, ಅನ್ನುತ್ತಿದ್ದಳು. ಆ ನೀಲಿ ಎಲ್ಲಿಂದ ಬರುತ್ತದೆ ಅಂತ ಹಳ್ಳದುದ್ದಕ್ಕೂ ಹಿಡಿದು ಹೋಗಿಯೇ ಅವನು ರಾಯದುರ್ಗ ಸೇರಿದ್ದು, ಹೊಡೆದಾಡಲು ಹೋದವನು, ಕೆಲಸ ಕೊಟ್ಟರು, ಹೊಟ್ಟೆ ಇತ್ತು, ಸೇರಿಕೊಂಡ, ತನ್ನ ಕೈಯಿಂದಲೇ ಪ್ಯಾಂಟು ಒಗೆದು ತನ್ನ ಅವ್ವನ ಕುರಿಗೆ ನೀಲಿ ಕುಡಿಸಿದ, ಅದನ್ನು ನೆನೆದಾಗಲೆಲ್ಲ ಯಾರನ್ನಾದರೂ ಬಡಿಯಬೇಕು ಅನಿಸುತ್ತದೆ. ಈ ಹಬ್ಬಕ್ಕೆ ಅವ್ವ ಬಂದಳು, ಹೋಳಿಗೆ ಗಂಟು ಕಟ್ಟಿಕೊಂಡು, ಷೇರ್ ಆಟೋದಲ್ಲಿ ಇನ್ನೊಬ್ಬರ ತೊಡೆಯ ಮೇಲೆ ಕೂತು, ಶೆಡ್ಡಿಗೆ ಕರೆದೊಯ್ದು ದೀಪ ತೋರಿಸಿದ, ನೋಡಬೇ, ಈ ಮಡಿಕೆಯೊಳಗಿನ ಹೊಲಸೇ ಹಳ್ಳಾನ ಉಳಿಸೋದು, ದೇವರಿದ್ದಂಗ ಇವು, ಅಂದ, ದೇವರಿದ್ದಂಗ, ಯಾರು ಅಂದದ್ದು, ಅವನೇ ಅಂದದ್ದು, ಅವ್ವ ಕೆಂಪು ದೀಪ ನೋಡಿ ಚಪ್ಪಲಿ ಹೊರಗೆ ಬಿಟ್ಟು ಬಂದಳು, ಕೈ ಮುಗಿದಳು. ನಿನ್ನೆ ಆಯುಧಪೂಜೆ, ಬೆಳಿಗ್ಗೆಯಿಂದ ಯೂನಿಟ್ಟೆಲ್ಲ ತೊಳೆತ, ಒಗೆಯುವ ಯಂತ್ರಗಳ ಹೊಟ್ಟೆಯೊಳಗೆ ಇಳಿದು ತಿಕ್ಕಿದರು, ಬಾಯ್ಲರ್ ತಿಕ್ಕಿದರು, ಟೆಂಪೋ ತಿಕ್ಕಿದರು, ಕತ್ತರಿ ಸ್ಕ್ರೂಡ್ರೈವರ್ ಎಲ್ಲ ತೊಳೆದು ಹಲಗೆಯ ಮೇಲೆ ಸಾಲಾಗಿಟ್ಟು ವಿಭೂತಿ ಹಚ್ಚಿದರು, ಮೈಕಿನಲ್ಲಿ ಹಾಡು, ಹುಡುಗರು ಟೆಂಪೋ ಮುಂದೆ ಕುಣಿಯಲು ಎಳೆದರು, ಬಾರಲೇ ಜುಂಜಾ, ಬೂದುಗುಂಬಳಕಾಯಿ ನೀನೇ ಒಡಿ, ಅಂತ, ಹೋಗುವ ಅವಸರದಲ್ಲಿ ಸೊಂಟದ ಕೀಲಿ ಬಿಚ್ಚಿ ಅವ್ವನ ಕೈಗೆ ಹಾಕಿದ, ನಮ್ಮ ಮಡಿಕಿಗೂ ಪೂಜಿ ಮಾಡಬೇ, ಎಲ್ಲಾದಕ್ಕೂ ಆಗೈತಿ, ಅವಕ್ಕೊಂದು ಯಾಕ ಬಿಡಬೇಕು. ಕೀಲಿ. ಅವ್ವನ ಅಂಗೈ. ಪೂಜೆ ಅಂದರೆ ಮೊದಲು ತೊಳೆಯುವುದು, ತೊಳೆಯದೆ ಯಾವ ಕಬ್ಬಿಣಕ್ಕೆ ಯಾರು ಕುಂಕುಮ ಇಟ್ಟಿದ್ದಾರೆ, ಹುಟ್ಟಿದಾಗಿನಿಂದ ನೋಡಿದ್ದಾನೆ, ಗೊತ್ತಿಲ್ಲದ್ದೇನು ಅವನಿಗೆ, ಕುಂಬಳಕಾಯಿ ಎತ್ತಿ ನೆಲಕ್ಕೆ ಅಪ್ಪಳಿಸಿದಾಗ ಎಲ್ಲರೂ ಹೋ ಎಂದರು, ಅದೇ ಹೊತ್ತಿಗೆ ಅಲ್ಲಿ ಒಳಗೆ ಆಕೆ ತೆಂಗಿನ ನಾರು ಹಿಡಿದು ಕೂತಿರಬೇಕು.

ಆದರೂ ಹೋಗಿ ಹಿಡಿದದ್ದು ರುದ್ರಮುನಿಯನ್ನು. ಆತ ಹೊಸ ಬಿಳಿ ಅಂಗಿ ತೊಟ್ಟು, ಗೇಟಿನಲ್ಲಿ ಬೈಕು ನಿಲ್ಲಿಸಿ, ಕೈತುಂಬ ಬನ್ನಿ ಎಲೆ ಹಿಡಿದು ಬಂದ, ತಗೋಳೋ ಜುಂಜಾ, ಬನ್ನಿ ತಗೊಂಡು ಬಂಗಾರದಂಗ ಇರೋಣ, ಅಂದ, ಅಷ್ಟೇ, ಕೊರಳಪಟ್ಟಿಗೆ ಕೈ ಹಾಕಿದ ಜುಂಜಪ್ಪ, ಗುಂಡಿ ಹಾರಿತು, ಎಲೆ ಚೆಲ್ಲಿತು, ಯಾಕ ಕೊಂದಿಲೇ, ಯಾರು ಹೇಳಿದರು ನಿನಗ, ವಾಗೀಶಪ್ಪ ಹೇಳಿದನೇನು, ಮಡಿಕಿ ತೊಳೆದು ನಾಟಕ ಮಾಡೀರಿ, ಸೋಮವಾರ ಮೇಡಮ್ಮಗ ತಲಿ ಎತ್ತದಂಗ ಮಾಡಾಕ, ರುದ್ರಮುನಿಯ ಕಣ್ಣು ಹೊರಗೆ ಬಂದವು, ಬಿಡಲೇ, ಹಬ್ಬದ ದಿನ ಅಂಗಿ ಹರಿತಿ, ನಾ ಯಾಕ ತೊಳೀಲಿ ನಿನ್ನ ಗಟಾರ, ನನ್ನ ಮನಿ ಬಚ್ಚಲ ನಾ ತೊಳಿಯಂಗಿಲ್ಲ, ಜನ ಸೇರಿದರು, ಕಸ ಹೊಡೆಯುವ ಪಾಪಕ್ಕ ಪೊರಕೆ ಹಿಡಿದೇ ಓಡಿ ಬಂದಳು, ನಡುವೆ ತೂರಿದಳು, ಅಯ್ಯ ಬಿಡಪ್ಪ, ಅವರದೇನೂ ಇಲ್ಲ, ನಿಮ್ಮವ್ವಂದು ಅದು, ನಿನ್ನೆ ಮಧ್ಯಾಹ್ನ ಪೂರ ಕೂತು ತಿಕ್ಕಿದಳು, ನಾನೇ ಬ್ಲೀಚಿಂಗ್ ತಂದು ಕೊಟ್ಟೆ, ವಾಸನಿ ಹೋಗವಲ್ದು ಅಂದ್ಲು, ಪಾಪ, ಊಟಕ್ಕೂ ಏಳಲಿಲ್ಲ. ಜುಂಜಪ್ಪನ ಕೈ ಕೊರಳಪಟ್ಟಿಯಲ್ಲೇ ಇತ್ತು. ಬಿಡಬೇಕು ಅಂತ ಗೊತ್ತು, ಬೆರಳು ಬಿಡಲೊಲ್ಲವು. ಅವನಿಗೆ ಹೊಸದೇನೂ ಗೊತ್ತಾಗಲಿಲ್ಲ, ಅದೇ ಅವನನ್ನು ಅಲ್ಲಾಡಿಸಿದ್ದು, ಹೊಸದೇನೂ ಗೊತ್ತಾಗಲಿಲ್ಲ, ಬಾಗಿಲು ತೆರೆದಾಗಲೇ ನೋಡಿದ್ದ, ಅವ್ವನ ಉಂಗುರದ ಬೆರಳಿನ ತುದಿ ಇಲ್ಲ, ಉಣ್ಣೆ ಕತ್ತರಿಸುವಾಗ ಕುರಿ ಒದ್ದು ಕತ್ತರಿಗೆ ಹೋದದ್ದು, ಅವನು ಹುಟ್ಟುವ ಮೊದಲಿನ ಮಾತು, ಮೂರು ಬೆರಳಿಗೆ ವಿಭೂತಿ ಹಚ್ಚಿ ಎಳೆದರೆ ಮೂರನೆಯದು ನಡುವೆ ಹಾರುತ್ತದೆ, ಶಾಲೆಗೆ ಹೋಗುವಾಗ ದಿನಾ ಅವನ ಹಣೆಯ ಮೇಲೂ ಹಾಗೇ ಎಳೆಯುತ್ತಿದ್ದಳು, ಹುಡುಗರು ಎರಡೂವರೆ ಗೆರೆ ಜುಂಜ ಅಂತ ಕೂಗುತ್ತಿದ್ದರು. ನೋಡಿದ್ದ. ನೋಡಿಯೂ ಮ್ಯಾನೇಜರನ ಅಂಗಿ ಹರಿದ. ಬೇರೆ ಯಾರಾದರೂ ಆಗಲಿ ದೇವರೇ, ವೈರಿಯಾದರೂ ಆಗಲಿ, ವೈರಿಯೇ ಆಗಲಿ.

ಅವ್ವ ಕೂಲಿಯವರ ರೂಮಿನ ಮುಂದೆ ಕೂತು ಹೋಳಿಗೆ ಬಿಸಿ ಮಾಡುತ್ತಿದ್ದಳು, ಎದ್ದಿಯೇನಪ್ಪ, ನೋಡಿದಿ, ಹೆಂಗ ಫಳಫಳ ಅಂತಾವ ನಿನ್ನ ಮಡಿಕಿ, ಅಂದಳು, ಬೆರಳ ಸಂದಿನಲ್ಲೆಲ್ಲ ಬ್ಲೀಚಿಂಗಿಗೆ ಸುಟ್ಟ ಬಿಳಿ, ಯಾಕ ತೊಳೆದಿ, ಎಂದು ಕೇಳಿದ, ಮೆಲ್ಲಗೇ ಕೇಳಿದ, ಆಕೆಗೆ ಪ್ರಶ್ನೆಯೇ ಅರ್ಥವಾಗಲಿಲ್ಲ, ದೇವರಂತ ನೀನೇ ಅಂದಿ, ಸೋಮವಾರ ದೊಡ್ಡೋರು ಬರ್ತಾರಂದಿ, ಅಂಥಾ ದೇವರ ಮೈಮ್ಯಾಲ ಹಂಗ ಹೊಲಸು ಬಿಟ್ಟು ಕುಂಕುಮ ಇಡಾಕ ಬರತೈತೇನು, ಅಂದಳು, ಆ ಹೊಲಸು ಎಲ್ಲಿ ಹಾಕಿದಿ, ಅಂದ, ತುಳಿಯೋ ಜಾಗದಾಗ ಚೆಲ್ಲಬಾರದಂತ ಕಾಲುವಿಗೆ ಬಿಟ್ಟೆ, ಗಂಗಮ್ಮನ ಪಾಲು, ಹಳ್ಳಕ್ಕ ಹೋಗತೈತಿ, ಅಂದಳು, ದೀಪ ಆರೇತಿ, ಅಂದ, ಹಚ್ಚಿದರಾತು ಬಿಡಪ್ಪ, ಎಣ್ಣಿ ಹಾಕಿಲ್ಲೇನು, ಅಂದಳು. ಆಗ. ಆಗ ಬಾಯಿಂದ ಬಂತು ಅದು. ಏನೋ ಒಂದು. ಅವ್ವನ ಮುಖ — ಹೊಡೆದರೆ ಹೀಗಾಗುವುದಿಲ್ಲ ಮುಖ — ಹೋಳಿಗೆ ಸೀದ ವಾಸನೆ, ಆಕೆ ಎದ್ದು ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು, ಎರಡೂ ಕೈ, ಕದ್ದದ್ದನ್ನು ಮುಚ್ಚಿದಂತೆ, ಚಪ್ಪಲಿ ಮೆಟ್ಟಿ ಗೇಟಿನ ಕಡೆ ನಡೆದಳು, ಪಾಪಕ್ಕ ಹಿಂದೆ ಓಡಿದಳು, ಜುಂಜಪ್ಪ ಫೋನು ತೆಗೆದು ಮೇಡಂ ನಂಬರು ಒತ್ತಿದ, ಅವಳು ಹಬ್ಬಕ್ಕೆಂದು ಹೋಗಿ ರಾತ್ರಿ ತಡವಾಗಿ ಮಡಕಶಿರ ಮುಟ್ಟಿದ್ದಳು, ಇನ್ನೂ ನಿದ್ದೆಗಣ್ಣಿನ ದನಿ, ಕೇಳುತ್ತ ಕೇಳುತ್ತ ಎಚ್ಚರಾಯಿತು, ಬಟ್ಟೆನೂ ಒಗೆದವ್ರಾ, ಅಂದಳು, ಹೂಂ, ಬ್ಲೀಚಾ, ಹೂಂ, ಆಮೇಲೆ, ಯಾರನ್ನೂ ಬೈಬೇಡ ಜುಂಜಪ್ಪ, ಡಬ್ಬ ತಗಂಡು ಬಾ, ನಮ್ಮಪ್ಪನ ಗುಂಡಿ ಐತಲ್ಲ, ಅಲ್ಲಿ ಇಪ್ಪತ್ತು ವರ್ಷದ್ದು ಐತೆ, ಸೋಮವಾರಕ್ಕೆ ದೀಪ ಉರಿಯಲ್ಲ, ಆದ್ರೆ ಮೀಟರಲ್ಲಿ ಮುಳ್ಳು ಒಂಚೂರು ಅಲುಗಾಡಿದ್ರೂ ಸಾಕು, ಜೀವ ಐತೆ ಅಂತ ತೋರಿಸ್ತೀನಿ, ಕಾಲಿಗೆ ಬಿದ್ದಾದ್ರೂ ಒಂದು ತಿಂಗಳು ಕೇಳ್ತೀನಿ. ಯಾರನ್ನೂ ಬೈಬೇಡ. ಅವನು ಫೋನು ಕಿಸೆಗಿಟ್ಟು ಡಬ್ಬ ಎತ್ತಿಕೊಂಡ.

ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿದ, ಮೂಕಮ್ಮ ಇಳಿಯುವಾಗ ಸೊಂಟದ ಗಂಟಿನಿಂದ ಎರಡು ಬನ್ನಿ ಎಲೆ ತೆಗೆದು ಅವನ ಡಬ್ಬದ ಮುಚ್ಚಳದ ಮೇಲಿಟ್ಟಳು, ಬಂಗಾರ ತಗೋಪ, ಗಲೀಜಿನ ಸಾವುಕಾರ, ನಿಮ್ಮವ್ವಗೂ ಕೊಡು, ಅಂದಳು, ಅವನು ಎಲೆ ಕಿಸೆಗೆ ಹಾಕಿಕೊಂಡ, ಕಿಸೆಯಲ್ಲಿ ಅದು ಚುಚ್ಚುವಂಥದ್ದೇನಲ್ಲ, ಆದರೂ ಚುಚ್ಚುತ್ತದೆ, ಅವ್ವನ ಬಳಿ ಫೋನಿಲ್ಲ, ಈಗ ಊರು ಮುಟ್ಟಿರಬೇಕು, ಹಳ್ಳದ ದಂಡೆಗೆ ಕುರಿ ಹೊಡೆದುಕೊಂಡು ಹೋಗಿರಬೇಕು, ಹೋಗಿ ಏನು ಮಾಡುತ್ತಾಳೆ, ಕೈ ನೋಡಿಕೊಳ್ಳುತ್ತಾಳೆಯೇ, ಅಮರಾಪುರ ಬಂತು, ಕಡಲೆಬಳ್ಳಿಯ ಹೊರೆ ಹೊತ್ತ ಲಾರಿಗಳು, ಹಣೆಗೆಲ್ಲ ವಿಭೂತಿ, ಕುರಿಮಂದೆಯೊಂದು ಅಡ್ಡ ಬಂತು, ಬೆಳ್ಳನೆಯ ಕಾಲಿನ ಕುರಿಗಳು, ಇಲ್ಲಿಯ ಕುರಿಗಳಿಗೆ ಕಾಲುಚೀಲವಿಲ್ಲ, ಓದಿದವಳಾಗಿದ್ದರೆ ತೊಳೆಯುತ್ತಿರಲಿಲ್ಲ, ಬಾಗಿಲ ಮೇಲೆ ಬರೆದದ್ದು ಓದಿಕೊಂಡಿರುತ್ತಿದ್ದಳು, ಓದದವಳಿಗೆ ಏನು ಗೊತ್ತು, ಹಾಗೆ ಅಂದುಕೊಂಡ, ಅಂದುಕೊಂಡರೆ ಎದೆಗೆ ಒಂಚೂರು ಆಧಾರ ಸಿಗುತ್ತದೆ, ತಾನು ಅಂದದ್ದು ತಪ್ಪಲ್ಲ, ತಪ್ಪು ಹೌದು, ಆದರೆ ಅಷ್ಟೇನಲ್ಲ, ಬ್ಲೀಚು ಹಾಕಿದ್ದು ಆಕೆಯೇ ತಾನೇ, ಮಡಕಶಿರದ ಕೋಟೆಬೆಟ್ಟ ಕಂಡಿತು, ಬಸ್‌ಸ್ಟ್ಯಾಂಡಿನಲ್ಲಿ ವಿದ್ಯಾಶ್ರೀ ಸ್ಕೂಟಿಯ ಮೇಲೆ ಕೂತಿದ್ದಳು, ಹಬ್ಬದ ಸೀರೆ, ತಲೆಯಲ್ಲಿ ಮಲ್ಲಿಗೆ, ಶೆಡ್ಡಿನಲ್ಲಿ ಯಾವತ್ತೂ ಹೀಗೆ ನೋಡಿರಲಿಲ್ಲ, ಅತ್ತಿದ್ದಾಳೆ, ಹತ್ತು, ಅಂದಳು, ನಿಮ್ಮಮ್ಮನಿಗೆ ಏನೂ ಅಂದಿಲ್ಲ ತಾನೇ, ಅಂದಳು, ಸ್ಕೂಟಿ ಸದ್ದು ಮಾಡಿತು, ಕೇಳಲಿಲ್ಲವೆಂಬಂತೆ ಕೂತ. ದಾರಿಯಲ್ಲಿ ಹಿಂದಿರುಗಿ ನೋಡದೆ ಹೇಳುತ್ತಲೇ ಇದ್ದಳು, ಮೇಲಿನದು ತಗೋಬಾರ್ದು ಕಣಪ್ಪ, ಕೋಲು ಹಾಕಿ ತಳದ್ದು ಎತ್ತಬೇಕು, ಗಾಳಿ ಸೋಕದ್ದು, ಅದೇ ಗಟ್ಟಿ ಜೀವ, ಡಬ್ಬ ತುಂಬ ತುಂಬಿ ಮುಚ್ಚಳ ಬಿಗಿಬೇಕು, ಸಂಜೆ ಬಸ್ಸಿಗೆ ಇಬ್ರೂ ಹೋಗಾಣ. ಹೂಂ, ಅಂದ, ತಳದ್ದು, ಗಾಳಿ ಸೋಕದ್ದು.

ಮನೆ ಮುಂದೆ ಬಾಳೆಕಂದು, ಮಾವಿನ ತೋರಣ, ಗೂಡು ಬೇಯಿಸುವ ಒಲೆಗಳಿಗೆ ಕೆಮ್ಮಣ್ಣು ಸಾರಿಸಿ ರಂಗೋಲಿ, ನೂಲು ಸುತ್ತುವ ರಾಟೆಗಳಿಗೆ ಸೇವಂತಿಗೆ, ಗಾದಿಲಿಂಗಪ್ಪ, ಅವಳ ಅಪ್ಪ, ಕನ್ನಡಕದ ಮೇಲಿಂದ ಪೇಪರು ಓದುತ್ತಿದ್ದವರು ಎದ್ದು ನಿಂತರು, ಬಾರಪ್ಪ, ನೀನೇನಾ ಜುಂಜಪ್ಪ ಅಂದ್ರೆ, ನಮ್ಮ ಮಗಳು ದಿನಾ ನಿನ್ನ ಸುದ್ದೀನೇ, ಮೊದಲು ಊಟ ಮಾಡು, ಒಬ್ಬಟ್ಟೈತೆ, ಅಂದರು, ಇಲ್ಲಪ್ಪ, ಮೊದಲು ಗುಂಡಿ, ಎಂದು ವಿದ್ಯಾಶ್ರೀ ಹಿತ್ತಲಿಗೆ ನಡೆದಳು, ಓ ಗುಂಡಿನಾ, ಎಂದು ಅವರು ನಕ್ಕರು, ಎಂಥ ನಗು, ಮಗುವಿಗೆ ಆಟಿಕೆ ಬಚ್ಚಿಟ್ಟು ನಗುವ ನಗು, ರಾತ್ರಿ ಬಂದೋಳು ಹಿತ್ತಲ ಕಡೆ ತಲೇನೇ ಹಾಕ್ಲಿಲ್ಲ, ನೀನೇ ನೋಡ್ಲಿ ಅಂತ ಸುಮ್ಕಿದ್ದೆ, ಅನ್ನುತ್ತ ಹಿಂದೆ ಬಂದರು, ಜುಂಜಪ್ಪನ ಮೂಗಿಗೆ ಮೊದಲು ಗೊತ್ತಾಯಿತು, ವಾಸನೆ, ಅಂದರೆ ವಾಸನೆ ಇಲ್ಲದ್ದು, ಊದುಬತ್ತಿ, ಅದರ ಕೆಳಗೆ ತೆಳ್ಳಗೆ, ಕಣ್ಣು ಚುರುಗುಟ್ಟಿಸುವ — ಇಲ್ಲ, ಇಲ್ಲ, ಇಲ್ಲಿ ಅಲ್ಲ, ಇಲ್ಲಿ ಓದಿದವರಿದ್ದಾರೆ — ಗುಂಡಿಯ ಸುತ್ತ ಸುಣ್ಣ, ಒಳಗೆ ಕಲ್ಲು ಕಲ್ಲು ಎಣಿಸುವಷ್ಟು ತಿಳಿನೀರು, ತಳ ಕಾಣುತ್ತದೆ, ತಳದಲ್ಲಿ ಆಕಾಶ, ನಿನ್ನೆ ಟ್ಯಾಂಕರ್ ಕರೆಸಿ ಪೂರ್ತಿ ಎಳೆಸ್ಬುಟ್ಟೆ ಕಣಮ್ಮಿ, ಗಾದಿಲಿಂಗಪ್ಪ ಹೇಳುತ್ತಿದ್ದಾರೆ, ಕೆಲಸದ ಕದರಮ್ಮ ಒಳಗಿಳಿದು ಉಜ್ಜಿದ್ಲು, ಎರಡು ಚೀಲ ಬ್ಲೀಚಿಂಗು, ಸೋಮವಾರ ಬರೋರು ಇಲ್ಲಿಗೂ ಬಂದ್ರೂ ಬರಬೋದು, ಎಲ್ಲಿಂದ ಸುರುವಾಯ್ತು ಅಂತ ನೋಡ್ತಾರೆ ಅಂದಿದ್ಯಲ್ಲ, ನಮ್ಮ ಹೆಣ್ಣಿನ ಮಾನ ಹೋಗಬಾರ್ದು ಅಂತ, ಹೆಂಗೂ ಆಯುಧಪೂಜೆ, ಎಲ್ಲಾನೂ ತೊಳಿತೀವಿ, ನಿನಗೆ ಬುದ್ಧಿ ಕೊಟ್ಟ ಗುಂಡಿ ಇದು, ಇದನ್ನ ತೊಳೀಬಾರ್ದಾ. ಕದರಮ್ಮ ಬಾಗಿಲಲ್ಲಿ ನಿಂತು ಕೈ ತೋರಿಸಿ ನಕ್ಕಳು, ಬೆರಳ ಸಂದಿನಲ್ಲಿ ಬಿಳಿ. ಈಗ ಕೂಗುತ್ತಾಳೆ, ಎಂದು ಜುಂಜಪ್ಪ ಕಣ್ಣು ಮುಚ್ಚಿದ, ಕೂಗಲಿ, ಅಪ್ಪನಿಗೆ ಅನ್ನಬಾರದ್ದು ಅನ್ನಲಿ, ಓದಿದವಳೂ ಅಂದಳು ಎಂದಾಗಲಿ, ಒಂದೇ ಒಂದು ಮಾತು ಅಂದುಬಿಡಲಿ, ತನ್ನದು ಹಗುರಾಗುತ್ತದೆ, ವಿದ್ಯಾಶ್ರೀ ಅಪ್ಪನ ಕೈ ಹಿಡಿದುಕೊಂಡಳು, ಚೆನ್ನಾಗಿ ತೊಳ್ಸಿದ್ದೀಯಪ್ಪ, ಅಂದಳು. ಅಷ್ಟೇ ಅಂದಳು. ಅಂದು ಗೋಡೆಯ ಕಡೆ ತಿರುಗಿದಳು, ಮಲ್ಲಿಗೆ ಅದುರುತ್ತಿತ್ತು, ಯಾಕಮ್ಮಿ, ಯಾಕೆ, ಎಂದು ಅಪ್ಪ ಕೇಳುತ್ತಿದ್ದರು, ಜುಂಜಪ್ಪನ ಕೈಯಿಂದ ಡಬ್ಬ ಜಾರಿ ಸುಣ್ಣದ ಮೇಲೆ ಉರುಳಿತು, ಡಬ್, ಡಬ್, ನಿನ್ನ ಕೈ ತಾಗಿದ್ದೆಲ್ಲಾ ಸಾಯತೈತಿ, ಮರಿನೂ ಸತ್ತವು, ಇವೂ ಸತ್ತವು, ಅದು, ಅದೇ ಅವನು ಅಂದದ್ದು, ಇದೇ ಬಾಯಿಂದ, ಸತ್ತ ಮರಿಯ ಮೂತಿ ಒರೆಸಿದ ಕೈಗೆ, ಮುಖ ತೊಳೆಯದ ಹಾಗೆ ಕಳಿಸಬಾರದು ಅಂದವಳಿಗೆ, ನಿನ್ನ ಕೈ ತಾಗಿದ್ದೆಲ್ಲಾ, ಮತ್ತೆ ಆಕೆ ಎರಡೂ ಕೈ ಸೆರಗಿನೊಳಗೆ ಮುಚ್ಚಿಕೊಂಡದ್ದು, ಓಡಿಹೋಗಿ ಬಿಡಿಸಿ ಹೊರಗೆ ತೆಗೆಯಬಹುದಿತ್ತು, ಬದಲಿಗೆ ಫೋನು ತೆಗೆದ, ಅವನು ಫೋನು ತೆಗೆದ — ಗುಂಡಿಯ ಕಟ್ಟೆಯ ಮೇಲೆ ವಿಭೂತಿ ಎಳೆದಿದೆ, ಗಾದಿಲಿಂಗಪ್ಪನವರ ಗಟ್ಟಿ ಬೆರಳಿನದು, ಮೂರು ಗೆರೆ, ಈ ತುದಿಯಿಂದ ಆ ತುದಿಗೆ, ಮೂರೂ ನೆಟ್ಟಗೆ, ಮೂರೂ ಪೂರ್ತಿ, ಅವನು ನೋಡುತ್ತಿದ್ದಾನೆ, ಪೂರ್ತಿ ಇರುವುದು ಕಾಣುತ್ತಿಲ್ಲ, ಮೊದಲನೆಯದು, ಎರಡನೆಯದು, ಮೂರನೆಯದು ನಡುವೆ ತುಂಡು, ಮೂರನೆಯದು, ನಡುವೆ, ತುಂಡು